ನಕಲು ಮಾಡಿ, ಹೆಸರು ಬರೆಯಿರಿ

‘ಪರೀಕ್ಷೆಗೆ ಬರುವ ಪ್ರೋಗ್ರಾಮಿಂಗ್ ಭಾಷೆ ಸಿ. ನೀವು ಇನ್ನೊಂದು ಭಾಷೆ ಪೈಥಾನ್ ಹಿಡಿದು ಕುಳಿತರೆ ಹೇಗೆ ಮೇಷ್ಟ್ರೇ?’ ಎಂದು ಪ್ರಾಂಶುಪಾಲರಿಂದ ಹಿಡಿದು ಲ್ಯಾಬ್ ಸಹಾಯಕರವರೆಗೆ ಎಲ್ಲರೂ ಕೇಳಿದವರೇ. ಈ ಸಲ ಸಿ ಪತ್ರಿಕೆಯಲ್ಲಿ 60 ಚಿಲ್ಲರೆ ಮಕ್ಕಳ ಪೈಕಿ ನಪಾಸಾದವರು 4 ಅಥವಾ 5. ಮೊದಲೆಲ್ಲ 15ಕ್ಕೆ ಇಳಿದದ್ದಿಲ್ಲ. ಈಗ ಯಾರೂ ಏನೂ ಕೇಳುತ್ತಿಲ್ಲ.

ಮೊದಲ ವರ್ಷ ಜಾವಾ ಭಾಷೆ ನಂಬಿ ಕೆಟ್ಟೆ. 2 ಜಿಬಿ ಯಂತ್ರಗಳಲ್ಲಿ ಜಾವಾ ಬರೆಯುವ ತಂತ್ರಾಂಶ ಎಕ್ಲಿಪ್ಸ್ ತೆರೆದುಕೊಳ್ಳುವಷ್ಟರಲ್ಲಿ ಹಾಜರಿ ಕೂಗಿ ಮುಗಿದಿರುತ್ತಿತ್ತು. ಕೈಯಿಂದ ಸುಮಾರು 6,000 ರೂಪಾಯಿ ಹಾಕಿ ಹಳೆಯ ರ‍್ಯಾಮ್ ತಂದೆ. ಅರ್ಧದಷ್ಟು ಆ ಮದರ್‌ಬೋರ್ಡುಗಳಿಗೆ ಕೂರಲೇ ಇಲ್ಲ, ಅಂಗಡಿಯವನು ವಾಪಸೂ ಪಡೆಯಲಿಲ್ಲ. ಮರುವರ್ಷ ಹಗುರವಾದ ಲಿನಕ್ಸ್ ಆವೃತ್ತಿ ಲುಬುಂಟು ಹಾಕಿ, ಆರು ವಾರ ಪೈಥಾನ್, ಆಮೇಲೆ ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್ ಜಿಸಿಸಿಯಲ್ಲಿ ಸಿ. ಹಳೆಯ ಕಂಪೈಲರ್ ಟರ್ಬೊ ಸಿ ಕಾಣದೆ ಹೊರಗಿನ ಪರೀಕ್ಷಕರು ಮುಖ ಸಿಂಡರಿಸಿದರು, ಅಷ್ಟೇ.

ತಿರುವು ಸಿಕ್ಕಿದ್ದು ಒಂದು ಪದದಿಂದ. ‘ಕನ್ನಡ’ದ ಉದ್ದ ಎಷ್ಟು? ಪೈಥಾನ್ 5 ಎಂದಿತು. ಅಕ್ಷರಗಳನ್ನು ಬೈಟುಗಳಾಗಿ ಇಡುವ ಯುಟಿಎಫ್-8 ವಿಧಾನದಲ್ಲಿ ಬರೆದ ಅದೇ ಪದಕ್ಕೆ, ಉದ್ದ ಅಳೆಯುವ ಸಿಯ ಸ್ಟ್ರ್‌ಲೆನ್ 15 ಎಂದಿತು. ಬೆರಳು ಮಡಿಸಿ ಎಣಿಸಿದ ಹುಡುಗಿಯೊಬ್ಬಳು ‘ಮೂರೇ ಸಾರ್’ ಎಂದಳು. ಮೂರು ಉತ್ತರವೂ ಸರಿ! ಪೈಥಾನ್ ಎಣಿಸಿದ್ದು ಯುನಿಕೋಡ್ ಸಂಕೇತಗಳನ್ನು (ಕ, ನ, ವಿರಾಮ, ನ, ಡ), ಸಿ ಎಣಿಸಿದ್ದು ಬೈಟುಗಳನ್ನು, ಹುಡುಗಿ ಎಣಿಸಿದ್ದು ಅಕ್ಷರಗಳನ್ನು. ಅಂದು ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಬೈಟು, ಅರೇ, ಪಾಯಿಂಟರ್ ಎಂಬ ಸಿಯ ಪಾಠಗಳೆಲ್ಲವನ್ನೂ ಅಲ್ಲಿಂದಲೇ ಎಳೆದುಕೊಂಡು ಹೋದೆ.

ಮುಕ್ತ ತಂತ್ರಾಂಶದ (ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ತಂತ್ರಾಂಶದ) ಪಾಠವೂ ಮೊದಲು ಮಕಾಡೆ ಮಲಗಿತ್ತು. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಮುಕ್ತ ತಂತ್ರಾಂಶದ ಗ್ನೂ ಯೋಜನೆ ಘೋಷಿಸಿದ್ದು ಎಂದು ಒಂದು ಗಂಟೆ ಕೊರೆದೆ; ಹಿಂದಿನ ಬೆಂಚು ನಿದ್ದೆ ಹೋಯಿತು. ಆಮೇಲೆ ದಾರಿ ಬದಲಿಸಿದೆ. ಹೇಗಿದ್ದರೂ ಮಕ್ಕಳು ಲ್ಯಾಬ್ ಪ್ರೋಗ್ರಾಮುಗಳನ್ನು ನಕಲು ಮಾಡುವವರೇ. ‘ಮಾಡಿ, ಆದರೆ ಯಾರದೆಂದು ಮೇಲೆ ಬರೆಯಿರಿ, ಒಂದಾದರೂ ತಪ್ಪು ತಿದ್ದಿ ಅವರಿಗೇ ಹಿಂದಿರುಗಿಸಿ’ ಎಂದೆ. ಎಲ್ಲವೂ ಯಾರು ಏನು ಬದಲಿಸಿದರೆಂದು ಲೆಕ್ಕವಿಡುವ ಗಿಟ್‌ನಲ್ಲಿ, ಮುಕ್ತ ತಂತ್ರಾಂಶದ ಜಿಪಿಎಲ್ ಪರವಾನಗಿಯೊಂದಿಗೆ. ಯಾರ ಕೋಡು ಹೆಚ್ಚು ಜನರ ಕೈಗೆ ಹೋಯಿತೋ ಅವರಿಗೆ ಆಂತರಿಕ ಅಂಕ. ಮೊದಲ ತಿಂಗಳು ಗೆಳೆಯರಿಬ್ಬರು ಪರಸ್ಪರರ ಕಡತಗಳಲ್ಲಿ ಖಾಲಿ ಜಾಗ ಸೇರಿಸಿ ‘ತಿದ್ದುಪಡಿ’ಗಳ ರಾಶಿ ಹಾಕಿದರು. ಅದನ್ನು ಹೇಗೆ ನಿಲ್ಲಿಸಿದೆ ಎಂದು ಇಲ್ಲಿ ಹೇಳಲಾರೆ. ನನ್ನ ಮಕ್ಕಳೂ ಇದನ್ನು ಓದುತ್ತಾರೆ.

ನಡುವೆ ಒಂದು ಹುಚ್ಚು ಪ್ರಯೋಗ: ಚರಗಳಿಗೆ (ಪ್ರೋಗ್ರಾಮಿನಲ್ಲಿ ಬೆಲೆ ಹಿಡಿದಿಡುವ ವೇರಿಯಬಲ್‌ಗಳಿಗೆ) ಕನ್ನಡದ ಹೆಸರು. ಪೈಥಾನ್ 3 ‘ಮೊತ್ತ’, ‘ಸರಾಸರಿ’ಗಳನ್ನು ತಕರಾರಿಲ್ಲದೆ ನುಂಗಿತು. ‘೧೨೩’ ಎಂಬ ಪಠ್ಯವನ್ನು, ಪಠ್ಯವನ್ನು ಸಂಖ್ಯೆಯಾಗಿಸುವ ಇಂಟ್‌ಗೆ ಕೊಟ್ಟರೆ 123 ಆಗಿ ಬಂತು. ‘ರ‍್ಯಾಂಕ್’ ಎಂದೊಡನೆ ಮಾತ್ರ ದೋಷ. ಅಕ್ಷರ ಅಕ್ಷರ ಅಳಿಸಿ ಬರೆದರೂ ಹೋಗದು. ಮಧ್ಯಾಹ್ನವಿಡೀ ಕೆದಕಿದ ಇಬ್ಬರು ಹುಡುಗರು ಕೊನೆಗೆ ಅರ್ಕಾವತ್ತು ಬಾರದಂತೆ ರಕಾರದ ಪಕ್ಕ ಅಡಗಿ ಕೂರುವ ಕಾಣದ ಜೋಡಕ ಚಿಹ್ನೆಯನ್ನು ಹಿಡಿದರು. ಚರದ ಹೆಸರಿನಲ್ಲಿ ಪೈಥಾನ್ ಅದನ್ನು ಒಪ್ಪದು. ಚರದ ಹೆಸರನ್ನು ‘ಸ್ಥಾನ’ ಎಂದು ಬದಲಿಸಿ, ಬದಲಿಸಿದ್ದೇಕೆಂದು ಗಿಟ್‌ನಲ್ಲಿ ಮೂರು ಸಾಲು ಬರೆದರು. ನಾನು ಹೇಳಿರಲಿಲ್ಲ.