ಪ್ರೋಟೀನಿನ ಕೆಲಸ ಗುರುತಿಸುವುದು ಹೇಗೆ? ಮೊದಲು ಆಕಾರ ನೋಡಿ

ಕೂದಲು ಪ್ರೋಟೀನ್. ರಕ್ತಕ್ಕೆ ಕೆಂಪು ಬಣ್ಣ ಕೊಡುವುದೂ ಪ್ರೋಟೀನ್. ಜೊಲ್ಲಿನಲ್ಲೂ ಪ್ರೋಟೀನ್ ಇದೆ. ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುತ್ತವೆ, ಅಲ್ವಾ? ಶಾಲೆಯಲ್ಲಿ ಇವುಗಳ ವಿಧಗಳನ್ನು ಸುಮ್ನೆ ಬಾಯಿಪಾಠ ಮಾಡಿಸುತ್ತಾರೆ. ಅದರ ಬದಲು ಆಕಾರ ನೋಡುವುದನ್ನು ಕಲಿತರೆ ಕೆಲಸ ತಾನಾಗಿ ಹೊಳೆಯುತ್ತದೆ.

ಹೆಜ್ಜೆ 1: ಮಣಿಸರದಿಂದ ಶುರು ಮಾಡಿ
ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳೆಂಬ ಮಣಿಗಳ ಸರ. ಮಣಿಗಳಲ್ಲಿ ಮುಖ್ಯವಾಗಿ 20 ಬಗೆ. ಇನ್ಸುಲಿನ್‌ನಲ್ಲಿ ಇರುವುದು 51 ಮಣಿ. ಸ್ನಾಯುವಿನ ಟೈಟಿನ್‌ನಲ್ಲಿ 30,000ಕ್ಕೂ ಜಾಸ್ತಿ. ಯಾವ ಮಣಿಯ ಪಕ್ಕ ಯಾವುದು ಕೂತಿದೆ ಎಂಬುದರ ಮೇಲೆ ಸರ ಹೇಗೆ ಮಡಚಿಕೊಳ್ಳುತ್ತದೆ ಎಂಬುದು ನಿಂತಿದೆ.

ಹೆಜ್ಜೆ 2: ಉದ್ದವೋ, ಉಂಡೆಯೋ?
ನಾರಿನಂತೆ ಉದ್ದಕ್ಕಿದ್ದರೆ ಸಾಮಾನ್ಯವಾಗಿ ಅದರದು ದೇಹ ಕಟ್ಟುವ ಕೆಲಸ. ಕೂದಲು, ಉಗುರು, ಕೊಂಬುಗಳಲ್ಲಿ ಇರುವುದು ಕೆರಾಟಿನ್. ಚರ್ಮ, ಮೂಳೆಗಳಲ್ಲಿ ಕೊಲಾಜನ್. ಕೊಲಾಜನ್ ಮೂರು ಎಳೆ ಹೊಸೆದ ಹಗ್ಗ. ವಿಟಮಿನ್ ಸಿ ಇಲ್ಲದಿದ್ದರೆ ಈ ಹಗ್ಗ ಗಟ್ಟಿಯಾಗುವುದಿಲ್ಲ. ಸ್ಕರ್ವಿ ಬಂದವರ ವಸಡಿನಲ್ಲಿ ರಕ್ತ ಒಸರುವುದು ಇದಕ್ಕೇ.

ಹೆಜ್ಜೆ 3: ಉಂಡೆಯಲ್ಲಿ ಗುಳಿ ಹುಡುಕಿ
ಕಿಣ್ವಗಳು ಉಂಡೆಯಾಕಾರದ ಪ್ರೋಟೀನುಗಳು. ಅವುಗಳ ಮೈಮೇಲೊಂದು ಗುಳಿ ಇರುತ್ತದೆ. ಅದಕ್ಕೆ ಸರಿಯಾಗಿ ಕೂರುವ ವಸ್ತು ಬಂದರೆ ರಾಸಾಯನಿಕ ಕ್ರಿಯೆ ಚಕಚಕನೆ ನಡೆಯುತ್ತದೆ. ಇದನ್ನು ಕಣ್ಣಾರೆ ನೋಡಬಹುದು. ಆಲೂಗಡ್ಡೆಯ ಎರಡು ತುಂಡು ತೆಗೆದುಕೊಳ್ಳಿ. ಒಂದನ್ನು ಚೆನ್ನಾಗಿ ಬೇಯಿಸಿ, ಆರಲು ಬಿಡಿ. ಎರಡರ ಮೇಲೂ 3% ಹೈಡ್ರೋಜನ್ ಪೆರಾಕ್ಸೈಡ್ ನಾಲ್ಕೈದು ಹನಿ ಹಾಕಿ. ಕಣ್ಣಿಗೆ ಸಿಡಿಯದಂತೆ ಜೋಪಾನ. ತುಂಡನ್ನು ಆಮೇಲೆ ತಿನ್ನಬೇಡಿ. ಹಸಿ ತುಂಡಿನ ಮೇಲೆ ಬಿಳಿ ನೊರೆ ಉಕ್ಕುತ್ತದೆ. ಕ್ಯಾಟಲೇಸ್ ಎಂಬ ಕಿಣ್ವ ಪೆರಾಕ್ಸೈಡನ್ನು ಒಡೆದು ನೀರು, ಆಮ್ಲಜನಕ ಮಾಡುತ್ತಿದೆ. ಬೆಂದ ತುಂಡಿನ ಮೇಲೆ ಹನಿ ಹಾಗೇ ಕೂತಿರುತ್ತದೆ. ಮಣಿಗಳೆಲ್ಲ ಅದರಲ್ಲೂ ಇವೆ, ಅದೇ ಸಾಲಿನಲ್ಲಿವೆ. ಬಿಸಿಗೆ ಮಡಿಕೆ ಬಿಚ್ಚಿಕೊಂಡಿದೆ, ಗುಳಿ ಹೋಗಿದೆ, ಅಷ್ಟೇ. ನನಗೆ ಯಾವ ಚಿತ್ರಕ್ಕಿಂತಲೂ ಚೆನ್ನಾಗಿ ಅರ್ಥ ಮಾಡಿಸಿದ್ದು ಈ ನೊರೆ.

ಹೆಜ್ಜೆ 4: ಗುಳಿಯೊಳಗೆ ಏನಿದೆ ನೋಡಿ
ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್‌ನಲ್ಲಿ ನಾಲ್ಕು ಸರಗಳು ಸೇರಿ ಒಂದು ಉಂಡೆಯಾಗಿವೆ. ಪ್ರತಿ ಸರದ ಗುಳಿಯಲ್ಲೂ ಹೀಮ್ ಎಂಬ, ಕಬ್ಬಿಣವಿರುವ ಒಂದು ಚಿಕ್ಕ ಅಣು. ಒಂದೊಂದು ಕಬ್ಬಿಣಕ್ಕೂ ಆಮ್ಲಜನಕದ ಒಂದು ಅಣು ಅಂಟಿಕೊಳ್ಳುತ್ತದೆ. ಹಾಗಾಗಿ ಇದು ಸಾಗಣೆಯ ಪ್ರೋಟೀನ್. ಈ ಸರಗಳಲ್ಲಿ ಬೀಟಾ ಎಂಬ ಬಗೆಯದರಲ್ಲಿ 146 ಮಣಿಗಳಿವೆ. ಆರನೆಯದು ಬದಲಾದರೆ ಸಾಕು, ಆಮ್ಲಜನಕ ಬಿಟ್ಟುಕೊಟ್ಟ ಉಂಡೆಗಳು ಒಂದಕ್ಕೊಂದು ಅಂಟಿ ಉದ್ದನೆಯ ಕಡ್ಡಿಗಳಾಗುತ್ತವೆ. ದುಂಡಗಿನ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಸಿಕಲ್ ಸೆಲ್ ಕಾಯಿಲೆಯ ಆ ನೋವೆಲ್ಲ ಒಂದು ಮಣಿಯಿಂದ.

ಹೆಜ್ಜೆ 5: ಉಳಿದವುಗಳ ಮೇಲೆ ಪರೀಕ್ಷಿಸಿ
ಪ್ರತಿಕಾಯ ಕವೆಗೋಲಿನಂತಿದೆ, ಎರಡು ತುದಿಗಳಿಂದ ರೋಗಾಣುವನ್ನು ಹಿಡಿಯುತ್ತದೆ. ಫೆರಿಟಿನ್ ಟೊಳ್ಳು ಚೆಂಡು. ಒಳಗೆ ಕಬ್ಬಿಣ ಕೂಡಿಡುತ್ತದೆ. ಇನ್ಸುಲಿನ್ ಸುದ್ದಿ ಒಯ್ಯುವ ಪ್ರೋಟೀನ್. ಜೀವಕೋಶದ ಹೊರಮೈಯಲ್ಲಿ ಅದನ್ನು ಹಿಡಿದುಕೊಳ್ಳುವುದೂ ಒಂದು ಪ್ರೋಟೀನೇ.

ಸ್ನಾಯುವಿನ ಮಯೋಸಿನ್ ಮಾತ್ರ ಉದ್ದವೂ ಹೌದು, ಉಂಡೆಯೂ ಹೌದು. ಹೊಸೆದ ಬಾಲ, ತುದಿಯಲ್ಲಿ ಗುಳಿ ಇರುವ ಎರಡು ತಲೆ. ಗುಳಿಯಲ್ಲಿ ಎಟಿಪಿ ಎಂಬ, ಜೀವಕೋಶದ ಇಂಧನದ ಅಣು ಒಡೆದು ಶಕ್ತಿ ಸಿಗುತ್ತದೆ. ಆ ಶಕ್ತಿಯಿಂದ ತಲೆ ಬಾಗುತ್ತದೆ, ಪಕ್ಕದಲ್ಲಿರುವ ಆಕ್ಟಿನ್ ಎಂಬ ಇನ್ನೊಂದು ಪ್ರೋಟೀನಿನ ಎಳೆ ಚೂರು ಜರುಗುತ್ತದೆ. ನೀವು ಒಮ್ಮೆ ಕೈ ಎತ್ತುವಷ್ಟರಲ್ಲಿ ಇಂಥ ಕೋಟ್ಯಂತರ ತಲೆಗಳು ಬಾಗಿ, ಎಳೆದು, ಬಿಟ್ಟು, ಮತ್ತೆ ಹಿಡಿದಿರುತ್ತವೆ.