ಜರ್ಮನ್ ಕಲಿಯುತ್ತಾ ಕನ್ನಡಕ್ಕೆ ದಿನಕ್ಕೆ ಐದು ವಾಕ್ಯ

ಓದಲು, ನರ್ಸ್ ಕೆಲಸಕ್ಕೆ ಎಂದು ಜರ್ಮನಿಗೆ ಹೊರಟ ಎಷ್ಟೋ ಹುಡುಗ ಹುಡುಗಿಯರನ್ನು ನೋಡಿದ್ದೇನೆ. ಆಪ್‌ನಲ್ಲಿ ತಿಂಗಳುಗಟ್ಟಲೆ ಪಾಯಿಂಟ್ ಗಳಿಸಿರುತ್ತಾರೆ. ಎದುರಿಗೆ ಜರ್ಮನ್ ಮಾತಾಡುವವರು ಬಂದರೆ ಬಾಯೇ ಬರುವುದಿಲ್ಲ. ಅವರಿಗೆಲ್ಲ ನಾನು ಹೇಳುವುದು ಒಂದೇ: ದಿನಕ್ಕೆ ಐದು ಜರ್ಮನ್ ವಾಕ್ಯ ಕನ್ನಡಕ್ಕೆ ತನ್ನಿ, ತಂದದ್ದನ್ನು ತತೊಯೆಬ ಎಂಬ ವೆಬ್‌ಸೈಟ್‌ನಲ್ಲಿ ಹಾಕಿ.

ತತೊಯೆಬ ಅಂದರೆ ಜಪಾನಿ ಭಾಷೆಯಲ್ಲಿ ‘ಉದಾಹರಣೆಗೆ’. ಟ್ರಾಂಗ್ ಹೋ 2006ರಲ್ಲಿ ಶುರು ಮಾಡಿದ ವಾಕ್ಯಗಳ ಕಣಜ ಇದು. ಅಲ್ಲಿ ಹಾಕಿದ್ದನ್ನು ಯಾರು ಬೇಕಾದರೂ, ಮೂಲ ಹೇಳಿ, ಪುಕ್ಕಟೆ ಬಳಸಬಹುದು. ನಿಘಂಟು ಮಾಡುವವರು, ಅನುವಾದದ ತಂತ್ರಾಂಶ ಕಟ್ಟುವವರು ಎಲ್ಲರಿಗೂ ಅದು ಸಿಗುತ್ತದೆ. ಜರ್ಮನ್ ವಾಕ್ಯಗಳು ಅಲ್ಲಿ ಲಕ್ಷಗಟ್ಟಲೆ ಇವೆ. ಅದರ ಪಕ್ಕದಲ್ಲಿ ಕನ್ನಡದ್ದು ತೀರಾ ಕಡಿಮೆ. ನಿಮ್ಮ ಐದು ವಾಕ್ಯಕ್ಕೆ ಬೆಲೆ ಬರುವುದು ಅಲ್ಲೇ.

ಹಂತ 1. ಖಾತೆ ತೆರೆಯಿರಿ. ಪ್ರೊಫೈಲ್‌ನಲ್ಲಿ ಕನ್ನಡ ಮಾತೃಭಾಷೆ, ಜರ್ಮನ್ ಕಲಿಯುತ್ತಿರುವ ಭಾಷೆ ಎಂದು ಪ್ರಾಮಾಣಿಕವಾಗಿ ಹಾಕಿ.

ಹಂತ 2. ಹುಡುಕಾಟದಲ್ಲಿ ಜರ್ಮನ್ ಮಾತೃಭಾಷೆಯವರು ಬರೆದ ವಾಕ್ಯಗಳನ್ನಷ್ಟೇ ಆರಿಸಿ. ವಾರಸುದಾರರಿಲ್ಲದ, ಅಂದರೆ ಯಾವ ಸದಸ್ಯರ ಹೆಸರಲ್ಲೂ ಇಲ್ಲದ ವಾಕ್ಯಗಳನ್ನು ಮುಟ್ಟಬೇಡಿ, ಅವುಗಳಲ್ಲಿ ತಪ್ಪು ಜಾಸ್ತಿ. ಆರು ಪದ ದಾಟದ ವಾಕ್ಯಗಳಿಂದ ಶುರು ಮಾಡಿ.

ಹಂತ 3. ಅನುವಾದ. ಎಲ್ಲರೂ ಎಡವುವುದು ಇಲ್ಲೇ. ಜರ್ಮನ್ ವಾಕ್ಯದ ಕೆಳಗೆ ಇಂಗ್ಲಿಷ್ ಕಾಣುತ್ತದೆ. ಕಣ್ಣು ಅಲ್ಲಿಗೆ ಹೋಗುತ್ತದೆ, ಕೈ ಅದನ್ನೇ ಕನ್ನಡ ಮಾಡುತ್ತದೆ. ದಯವಿಟ್ಟು ಬೇಡ. ಕೈ ಅಡ್ಡ ಇಟ್ಟಾದರೂ ಇಂಗ್ಲಿಷನ್ನು ಮುಚ್ಚಿ.

ಯಾಕೆ ಅಂತೀರಾ? ‘ಮಿಯರ್ ಇಸ್ಟ್ ಕಾಲ್ಟ್’ ನೋಡಿ. ‘ಮಿಯರ್’ ಅಂದರೆ ‘ನನಗೆ’. ನನಗೆ ಚಳಿ. ನಮ್ಮ ಮಾತಿನ ಅಚ್ಚೇ ಅಲ್ವಾ? ಇಂಗ್ಲಿಷ್ ದಾರಿಯಲ್ಲಿ ಹೋದವರು ‘ನಾನು’ ಹಿಡಿದು ‘ಇಷ್ ಬಿನ್ ಕಾಲ್ಟ್’ ಎನ್ನುತ್ತಾರೆ. ಅದು ‘ನನ್ನ ಮನಸ್ಸು ಮರಗಟ್ಟಿದೆ’ ಎಂಬಂತೆ ಕೇಳುತ್ತದೆ.

ಇನ್ನೊಂದು. ‘ಬಿಸ್ಟ್ ಡು ಮ್ಯೂಡೆ?’ ಎಂದರೆ ನಿನಗೆ ಸುಸ್ತಾಗಿದೆಯಾ? ‘ಜಿಂಟ್ ಜೀ ಮ್ಯೂಡೆ?’ ಎಂದರೆ ನಿಮಗೆ ಸುಸ್ತಾಗಿದೆಯಾ? ಇಂಗ್ಲಿಷ್‌ನಲ್ಲಿ ಎರಡಕ್ಕೂ ಒಂದೇ ವಾಕ್ಯ. ನೀನು, ನೀವು ಎಂದು ಬೇರೆ ಮಾಡಿ ಬೆಳೆದ ನಮಗೆ ಆ ವ್ಯತ್ಯಾಸ ಹುಟ್ಟಿನಿಂದ ಗೊತ್ತು. ಕೈಯಲ್ಲಿರುವುದನ್ನು ಇಂಗ್ಲಿಷ್ ದಾರಿಯಲ್ಲಿ ಕಳೆದುಕೊಳ್ಳಬೇಡಿ.

ನುಡಿಗಟ್ಟು ಬಂದಾಗ ಪದಕ್ಕೆ ಪದ ಇಡಬೇಡಿ. ‘ಇಷ್ ಫೆರ್‌ಶ್ಟೇಯೆ ನೂರ್ ಬಾನ್‌ಹೋಫ್’ ವಾಕ್ಯದ ಪದಗಳಲ್ಲಿ ಇರುವುದು ‘ನನಗೆ ರೈಲ್ವೆ ಸ್ಟೇಷನ್ ಮಾತ್ರ ಅರ್ಥವಾಗುತ್ತದೆ’. ಕನ್ನಡದಲ್ಲಿ ಬರೆಯಬೇಕಾದದ್ದು ‘ನನಗೆ ತಲೆಬುಡ ಅರ್ಥವಾಗ್ತಿಲ್ಲ’. ಬರೆದದ್ದನ್ನು ಮನೆಯಲ್ಲಿ ಯಾರಿಗಾದರೂ ಜೋರಾಗಿ ಓದಿ ಹೇಳಿ. ‘ಏನಂದೆ?’ ಅಂತ ಕೇಳಿದರೆ ಮತ್ತೆ ಬರೆಯಿರಿ.

ಯಂತ್ರದ ಅನುವಾದ ತಂದು ಅಂಟಿಸುವುದು ಬೇಡವೇ ಬೇಡ. ನೀವೂ ಕಲಿಯುವುದಿಲ್ಲ, ಕಣಜಕ್ಕೂ ಜೊಳ್ಳು ಸೇರುತ್ತದೆ. ಪಠ್ಯಪುಸ್ತಕದ ವಾಕ್ಯಗಳನ್ನೂ ಎತ್ತಿ ಹಾಕುವಂತಿಲ್ಲ, ಅವುಗಳ ಹಕ್ಕು ಬೇರೆಯವರದು. ಮತ್ತೆ, ಕನ್ನಡದಿಂದ ಜರ್ಮನ್‌ಗೆ ಬರೆಯುವ ಆಸೆಯನ್ನು ಸದ್ಯಕ್ಕೆ ತಡೆದುಕೊಳ್ಳಿ. ಅಭ್ಯಾಸಕ್ಕೆ ನಿಮ್ಮ ನೋಟ್‌ಬುಕ್ ಇದೆ. ಎಲ್ಲರೂ ನಂಬಿ ಬಳಸುವ ಜಾಗದಲ್ಲಿ ಅರೆಬೆಂದ ಜರ್ಮನ್ ಬೇಡ.

ಕಲಿಯುವವರ ಕೈಯಿಂದಲೇ ಇಂಟರ್ನೆಟ್ಟನ್ನು ಅನುವಾದ ಮಾಡಿಸಬೇಕು ಎಂಬುದು 2012ರಲ್ಲಿ ಎಲ್ಲರಿಗೂ ತೆರೆದುಕೊಂಡ, ಭಾಷೆ ಕಲಿಸುವ ಆಪ್ ಡುಯೋಲಿಂಗೋದ ಮೊದಲ ಕನಸೂ ಆಗಿತ್ತು. ಆಮೇಲೆ ಅವರು ಅದನ್ನು ಬಿಟ್ಟರು. ನನಗೆ ಇವತ್ತಿಗೂ ಅದರ ಬೇಸರವಿದೆ. ‘30 ದಿನದಲ್ಲಿ ಜರ್ಮನ್’ ಎನ್ನುವ ಕೋರ್ಸ್‌ಗಳಿಗಂತೂ ಸುಮ್ನೆ ದುಡ್ಡು ಕೊಡಬೇಡಿ.

ಹಂತ 4. ನಿಮ್ಮ ವಾಕ್ಯಕ್ಕೆ ಯಾರಾದರೂ ಟಿಪ್ಪಣಿ ಬರೆದರೆ ಅವತ್ತೇ ನೋಡಿ, ಸರಿ ಅನ್ನಿಸಿದರೆ ತಿದ್ದಿ. ಬೇರೆಯವರ ತಪ್ಪು ಕಂಡರೆ ನೀವೂ ಟಿಪ್ಪಣಿ ಹಾಕಿ.

ಹಂತ 5. ಭಾನುವಾರ ಹೊಸದು ಬೇಡ. ವಾರದ 30 ವಾಕ್ಯಗಳ ಕನ್ನಡ ಮಾತ್ರ ನೋಡಿ, ಜರ್ಮನ್ ಬಾಯಲ್ಲಿ ಹೇಳಿ. ತಡವರಿಸಿದ ವಾಕ್ಯಗಳನ್ನು ಕೈಯಲ್ಲಿ ಬರೆದಿಟ್ಟು, ಸೋಮವಾರ ಬೆಳಿಗ್ಗೆ ಮೊದಲು ಅವನ್ನೇ ಓದಿ.