ಆಡು ನೀರು ಕುಡಿಯುವ ಜಾಗದಲ್ಲಿ ಸಿಕ್ಕ ಊರು

ಕಂದಾಯ ನಕ್ಷೆಯಲ್ಲಿ ಕೆಲವು ಊರಿನ ಹೆಸರಿನ ಮುಂದೆ 'ಬೇಚರಾಕ್' ಅಂತ ಇರುತ್ತದೆ. ದೀಪ ಹಚ್ಚುವವರಿಲ್ಲದ ಊರು ಅಂತ ಅರ್ಥ. ಹೆಸರಿದೆ, ಗಡಿ ಇದೆ, ಜನ ಇಲ್ಲ. ನನ್ನ ಹುಡುಕಾಟ ಶುರುವಾಗಿದ್ದು ಅಲ್ಲಿಂದ.

ಚಿತ್ರದುರ್ಗದವರಿಗೆ ಹಳೇ ಕಲ್ಲು ಹೊಸದೇನಲ್ಲ. ಕಣ್ಣೆತ್ತಿದರೆ ಕೋಟೆ, ಅದರ ಪಕ್ಕ ಚಂದ್ರವಳ್ಳಿ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದ ಜಾಗ ಅದು. ರೋಮನ್ ನಾಣ್ಯ ಸಿಕ್ಕ ನೆಲ. ಆದರೆ ಜೋಗಿಮಟ್ಟಿ ಕಡೆಯ ಕಾಡಂಚಿನಲ್ಲಿದ್ದ ನನ್ನ ಬೇಚರಾಕ್ ಊರು ಯಾರಿಗೂ ಗೊತ್ತಿರಲಿಲ್ಲ.

ಅರಣ್ಯ ಇಲಾಖೆಯ ಅನುಮತಿ ಪಡೆದು ಎರಡು ಭಾನುವಾರ ಸುಮ್ನೆ ಅಲೆದೆ. ಸೀತಾಫಲದ ಗಿಡ, ಕಾಲಿಗೆ ಮುಳ್ಳು, ಅಷ್ಟೇ. ಸಿಕ್ಕವರನ್ನೆಲ್ಲ "ಇಲ್ಲಿ ಹಾಳು ಗುಡಿ ಇದೆಯಾ?" ಅಂತ ಕೇಳುತ್ತಿದ್ದೆ. ನಿಧಿ ಅಗೆಯೋಕೆ ಬಂದವನು ಅಂದುಕೊಂಡು ಮುಖ ತಿರುಗಿಸುತ್ತಿದ್ದರು. ಮೂರನೇ ವಾರ ಆಡು ಕಾಯುವ ಅಜ್ಜರೊಬ್ಬರನ್ನು ಬೇರೆ ಥರ ಕೇಳಿದೆ. "ಅಜ್ಜಾ, ಬೇಸಿಗೇಲಿ ಆಡಿಗೆ ನೀರು ಎಲ್ಲಿ ಕುಡಿಸ್ತೀರಿ?" ನೀರಿದ್ದ ಕಡೆ ತಾನೇ ಊರಿರೋದು.

"ಬಾ ತಮ್ಮಾ" ಅಂತ ಕರೆದುಕೊಂಡು ಹೋದರು. ಹೂಳು ತುಂಬಿದ ಕಲ್ಲುಕಟ್ಟಡದ ಬಾವಿ. ಪಕ್ಕದಲ್ಲಿ ಹುಣಸೆ ಮರ, ಗೋಡೆಯ ಅಡಿಗಲ್ಲಿನ ಸಾಲು. ಒಣಗಿದ ಎಲೆ ಮುಚ್ಚಿದ್ದ ಹಗೇವಿಗೆ ನಾನು ಬೀಳುವುದೊಂದು ಬಾಕಿ. ಅಜ್ಜ ತೋಳು ಹಿಡಿದು ಎಳೆದರು. ಹಾಳೂರಿಗೆ ಹೋಗುವವರು ಕೋಲಿನಿಂದ ನೆಲ ತಟ್ಟಿಕೊಂಡೇ ನಡೆಯಿರಿ. ಕಾಳು ತುಂಬಿಡುತ್ತಿದ್ದ ಈ ಗುಂಡಿಗಳ ಬಾಯಿ ಚಿಕ್ಕದು, ಒಳಗೆ ಆಳ ಜಾಸ್ತಿ.

ಬಾವಿಯಿಂದಾಚೆ ಒಂದು ವೀರಗಲ್ಲು ವಾಲಿ ನಿಂತಿತ್ತು. ಮಧ್ಯಾಹ್ನ ತೆಗೆದ ಫೋಟೋದಲ್ಲಿ ಬರೀ ಕಪ್ಪು ಬಂಡೆ. ಮರುದಿನ ಬೆಳಿಗ್ಗೆ ಏಳಕ್ಕೇ ಹೋದೆ. ಓರೆ ಬಿಸಿಲಿಗೆ ಕೆತ್ತನೆಯೆಲ್ಲ ಎದ್ದು ಬಂತು. ಕೆಳಗೆ ದನಗಳು, ಕಾದಾಟ. ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲೆ ಲಿಂಗ, ಸೂರ್ಯ, ಚಂದ್ರ. ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಕಾದಿ ಸತ್ತವನ ಕಲ್ಲು. ಅಕ್ಷರ ಇರಲಿಲ್ಲ. ಸ್ಪಷ್ಟ ಕಾಣಲಿ ಅಂತ ಹಿಟ್ಟು, ಸುಣ್ಣ ಬಳಿಯುವವರಿದ್ದಾರೆ. ದಯವಿಟ್ಟು ಬೇಡ. ಬಿಸಿಲು ಇಲ್ಲದಿದ್ದರೆ ಪಕ್ಕದಿಂದ ಟಾರ್ಚ್ ಹಿಡಿದರೂ ಸಾಕು.

ಅಳತೆ, ಫೋಟೋ ಸಮೇತ ಪುರಾತತ್ವ ಇಲಾಖೆಗೆ ಪತ್ರ ಕೊಟ್ಟಿದ್ದೇನೆ. ಊರಿನ ಹೆಸರು ಇಲ್ಲಿ ಬರೆಯಲಿಲ್ಲ, ನಿಧಿಗಳ್ಳರೂ ಓದುತ್ತಾರಲ್ವಾ.

ಅವತ್ತು ಹೊರಡುವಾಗ ಕಲ್ಲಿನ ಬುಡದಲ್ಲಿ ಒಣಗಿದ ತೆಂಗಿನ ಚಿಪ್ಪು, ಅರಿಶಿನ ಕಂಡೆ. "ಇಲ್ಲಿಗೆ ಯಾರಾದ್ರೂ ಬರ್ತಾರಾ ಅಜ್ಜಾ?" ಅಂದೆ.

"ನಾವೇ. ಆಡಿಗೆ ರೋಗ ಬರಬಾರದು ಅಂತ ವರ್ಷಾ ವರ್ಷಾ ಕಾಯಿ ಒಡಿತೀವಿ. ನೀನು ಸಿಕ್ಕೋರನ್ನೆಲ್ಲ ಗುಡಿ ಕೇಳ್ದೆಯಂತೆ, ಕಲ್ಲು ಕೇಳ್ಲಿಲ್ಲ."